ಮಾವನವರ ಎಣ್ಣೆ ಪರೀಕ್ಷೆ

ನಮ್ಮ ಮಾವನವರು ಎಣ್ಣೆ ನೋಡುವ ರೀತಿಯೇ ಬೇರೆ. ಅರಸೀಕೆರೆಯಲ್ಲಿ ಮೂರು ತಲೆಮಾರಿನ ಕೊಬ್ಬರಿ ವ್ಯಾಪಾರ. ಗಾಣದಿಂದ ಎಣ್ಣೆ ಬಂದರೆ ಎರಡು ಹನಿ ಅಂಗೈಗೆ ಹಾಕಿಕೊಂಡು ಉಜ್ಜುತ್ತಾರೆ, ಮೂಸುತ್ತಾರೆ, ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯುತ್ತಾರೆ. ತಿಳಿಯಾಗಿದ್ದರೆ ಒಳ್ಳೆಯದು, ಮಡ್ಡಿ ಕಂಡರೆ ವಾಪಸ್ಸು. ಆ ವಿಷಯದಲ್ಲಿ ಅವರ ಮಾತಿಗೆ ಊರಲ್ಲೇ ಎದುರಿಲ್ಲ, ಒಪ್ಪುತ್ತೇನೆ. ಆದರೆ ಒಂದು ದಿನ ಅದೇ ಪರೀಕ್ಷೆಯನ್ನು ನನ್ನ ಬೈಕಿನ ಎಂಜಿನ್ ಆಯಿಲ್‌ಗೂ ಮಾಡಿಬಿಟ್ಟರು.

ಆ ಬೈಕಿನ ಮೇಲೆ ನನ್ನ ಕೆಲಸವೇ ನಿಂತಿತ್ತು. ನಾನು ಮಾದಿಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬಸ್ಸು ಬದಲಿಸಿಕೊಂಡು ಹೋದರೆ ಮುಟ್ಟುವಷ್ಟರಲ್ಲಿ ಪ್ರೇಯರ್ ಮುಗಿದಿರುತ್ತದೆ, ಹೆಡ್ ಮಾಸ್ಟರು ಮುಖ ಸಿಂಡರಿಸಿರುತ್ತಾರೆ. ಯಜಮಾನರು ಹೊಸ ಬೈಕು ತಗೊಂಡಾಗ ಹಳೆಯದನ್ನು ನನಗೆ ಕೊಡಿ ಎಂದು ಕೇಳಿದೆ. ಮಾವನವರು ಎರಡು ದಿನ ಯೋಚಿಸಿ ಒಪ್ಪಿದರು.

"ತಗೊಂಡೋಗಮ್ಮ. ಆದ್ರೆ ಗಾಡಿ ದಾರೀಲಿ ಕೆಟ್ಟು ನಿಂತು, ಮನೆಯೋರು ಬಂದು ನಿನ್ನ ಕರ್ಕೊಂಡೋಗೋ ಹಂಗಾದ್ರೆ, ಅವತ್ತಿಗೆ ಸ್ಕೂಲು ಸಾಕು."

ಯಜಮಾನರ ಮುಖ ನೋಡಿದೆ. ಅಪ್ಪನ ಮುಂದೆ ಬಾಯಿ ಬಿಡುವವರಲ್ಲ ಅವರು. ತಟ್ಟೆಯಲ್ಲಿದ್ದ ಕರಿಬೇವನ್ನು ಒಂದೊಂದೇ ಎತ್ತಿಡುತ್ತಿದ್ದರು.

ಮನೆಯ ಕಾರಿಗೆ ಎಣ್ಣೆ ಬದಲಿಸಿದಾಗ ಡಬ್ಬದಲ್ಲಿ ಒಂದಿಷ್ಟು ಮಿಕ್ಕಿತು. ನಮ್ಮ ಮನೆಯಲ್ಲಿ ತೆಂಗಿನ ಚಿಪ್ಪನ್ನೂ ಬಿಸಾಡುವುದಿಲ್ಲ, ಇನ್ನು ಎಣ್ಣೆ ಬಿಡುತ್ತಾರೆಯೇ! ಮೈದುನ ಡಬ್ಬ ಹಿಡಿದುಕೊಂಡು ಬಂದ. "ಅಪ್ಪಾ, ಅತ್ತಿಗೆ ಗಾಡಿಗೆ ಹಾಕ್ಬಿಡನಾ?" ಮಾವನವರು ಎರಡು ಹನಿ ಉಜ್ಜಿದರು, ಮೂಸಿದರು, ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದರು.

"ನೋಡಮ್ಮ, ಜೇನುತುಪ್ಪ ಇದ್ದಂಗೈತೆ. ನಿನ್ನ ಬೈಕು ಪುಣ್ಯ ಮಾಡಿತ್ತು ಬಿಡು."

"ಮಾವ, ಬೈಕಿಗೆ ಬೇರೇನೇ ಬರುತ್ತಂತೆ."

"ಎಣ್ಣೆ ವಿಚಾರ ನಂಗೆ ಹೇಳ್ಕೊಡ್ತೀಯಾ?"

ಮುಗಿಯಿತು. ನನ್ನ ಕಣ್ಣೆದುರೇ ಮೈದುನ ಹಳೇ ಎಣ್ಣೆ ಇಳಿಸಿ ಕಾರಿನದನ್ನು ಸುರಿದ.

ನಾಲ್ಕನೇ ದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ, ಜಾವಗಲ್ ದಾಟಿದ ಮೇಲೆ ಏರಿನಲ್ಲಿ ಗಾಡಿ ಕೈಕೊಟ್ಟಿತು. ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ, ಚಕ್ರ ಮಾತ್ರ ಹಟ ಹಿಡಿದ ಎಮ್ಮೆಯ ಹಾಗೆ ಮುಂದಕ್ಕೆ ಹೋಗುವುದಿಲ್ಲ. ಹಿಂದೆ ಲಾರಿಯವನ ಹಾರ್ನು. ಬ್ಯಾಗಿನಲ್ಲಿ ಫೋನಿದೆ, ಯಾರಿಗೆ ಮಾಡಲಿ? ಮನೆಗೆ ಮಾಡಿದರೆ ಸ್ಕೂಲು ಸಾಕು. ಸಿಟ್ಟಿಗೆ ಅಳು ಬಂತು. ಎಣ್ಣೆಯನ್ನೂ ಷರತ್ತನ್ನೂ ಕರಿಬೇವನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈಯುತ್ತ ಏರು ಮುಗಿಯುವ ತನಕ ತಳ್ಳಿದೆ. ಇಳಿಜಾರಿನಲ್ಲಿ ಉರುಳಿಸಿಕೊಂಡು, ಸಮತಟ್ಟಿನಲ್ಲಿ ತೆವಳಿಸಿಕೊಂಡು ಹೇಗೋ ಹಳೇಬೀಡು ಮುಟ್ಟಿದೆ.

ಅಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯವರು ನನ್ನ ಮಾತಿಗೆ ಮುಂಚೆಯೇ, "ಯಜಮಾನ್ರಿಗೆ ಫೋನ್ ಮಾಡ್ಕೊಡಿ ಮೇಡಂ, ಏನಾಗೈತೆ ಕೇಳ್ತೀನಿ" ಎಂದರು.

"ಓಡ್ಸೋಳು ನಾನು ಕಣ್ರೀ. ನನ್ನನ್ನೇ ಕೇಳಿ."

ಕೇಳಿದರು. ಕಾರಿನ ಎಣ್ಣೆ ಎಂದೊಡನೆ ತಲೆ ಚಚ್ಚಿಕೊಂಡರು. ಬೈಕಿನಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವಂತೆ. ಕಾರಿನ ಎಣ್ಣೆಯ ಜಾರು ಜಾಸ್ತಿಯಾಗಿ ಪ್ಲೇಟುಗಳು ಒಂದನ್ನೊಂದು ಹಿಡಿಯುವುದೇ ಇಲ್ಲವಂತೆ. "ಬಿಟ್ಟೋಗಿ, ನಾಳಿದ್ದು ಮೆಕ್ಯಾನಿಕ್ ಬತ್ತಾನೆ" ಎಂದರು. ಬಿಟ್ಟು ಹೋಗುವುದೆಲ್ಲಿಗೆ? ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ಓದಿದೆ. ಬೈಕಿನ ಪುಸ್ತಕದಲ್ಲಿದ್ದದ್ದು ಟೆನ್ ಡಬ್ಲ್ಯೂ ಥರ್ಟಿ, ಎಣ್ಣೆ ಎಷ್ಟು ಮಂದ ಎಂಬುದರ ನಂಬರು. ಅದರ ಜೊತೆಗೆ ಕ್ಲಚ್ಚಿಗೆ ಒಗ್ಗುವ ಎಣ್ಣೆಗೆ ಎಂಎ ಟೂ ಎಂಬ ಗುರುತು ಇರಬೇಕು ಎಂದು ಅವರೇ ತೋರಿಸಿದರು. ಆ ಡಬ್ಬ, ಹದಿನೇಳರ ಸ್ಪ್ಯಾನರು, ಒಂದು ವಾಷರು ತಗೊಂಡು, ಗಾಡಿ ತೆವಳಿಸಿಕೊಂಡೇ ಶಾಲೆಗೆ ಹೊರಟೆ.

ಮನೆಯಲ್ಲಿ ಗಾಡಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಮಾವನವರ ಪರೀಕ್ಷೆ ತಪ್ಪು ಎಂದು ಸಾರಿದಂತೆ. ಅಂದು ಶನಿವಾರ, ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ ಅಡುಗೆ ಕೋಣೆಯ ಹಿಂದೆ ಗಾಡಿ ನಿಲ್ಲಿಸಿ, ಎಣ್ಣೆ ಸಲೀಸಾಗಿ ಇಳಿಯಲೆಂದು ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿದೆ. ಬಿಸಿಯೂಟದ ಅಡುಗೆಯಮ್ಮ ಒಂದು ಒಡಕು ಬೇಸಿನ್ನು, ಹಳೇ ಬಟ್ಟೆ ತಂದುಕೊಟ್ಟು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಅಯ್ಯೋ ಮಿಸ್ಸೇ, ಗಂಡಸ್ರ ಕೆಲ್ಸ ಅಲ್ವಾ?"

"ಗಂಡಸ್ರು ಮಾಡೇ ಹಿಂಗಾಗಿರೋದು."

ಅವಳು ಬಿದ್ದು ಬಿದ್ದು ನಕ್ಕಳು. ವೇಲನ್ನು ಸೊಂಟಕ್ಕೆ ಬಿಗಿದು ಎಂಜಿನ್ನಿನ ತಳದ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಬೋಲ್ಟು ಅಲ್ಲಾಡಲಿಲ್ಲ. ಕೊನೆಗೆ ಸ್ಪ್ಯಾನರನ್ನು ಕಾಲಿನಿಂದ ಒತ್ತಿದೆ, ಟಕ್ಕೆಂದಿತು. ಬಿಸಿ ಎಣ್ಣೆ ಬೆರಳಿನ ಮೇಲೆಯೇ ಹರಿಯಿತು, ಉರಿ ತಡೆಯಲಾಗಲಿಲ್ಲ. ಆದರೂ ಆ ಜೇನುತುಪ್ಪ ಬೇಸಿನ್ನಿಗೆ ಇಳಿಯುವುದನ್ನು ನೋಡುತ್ತ ಕುಣಿಯಬೇಕೆನಿಸಿತು. ಕೊನೇ ಹನಿ ಬೀಳುವ ತನಕ ಕಾದೆ. ಹೊಸ ವಾಷರು ಹಾಕಿ ಬೋಲ್ಟನ್ನು ಹದವಾಗಿ ಬಿಗಿದೆ, ಎಣ್ಣೆ ಸುರಿದು ಅಳತೆ ಕಡ್ಡಿ ಅದ್ದಿ ಗೆರೆ ನೋಡಿದೆ. ಸೋಮವಾರ ಕ್ಲಚ್ ಸ್ವಲ್ಪ ಜಾರಿತು, ಮಂಗಳವಾರದ ಹೊತ್ತಿಗೆ ಗಾಡಿ ಮೊದಲಿನಂತಾಯಿತು.

ಆದರೆ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಊಟಕ್ಕೆ ಬಡಿಸುವಾಗ ಮಾವನವರು ನನ್ನ ಕೈ ನೋಡಿದರು. "ಏನಮ್ಮ ಅದು?" ಸುಳ್ಳು ಹೇಳುವಷ್ಟು ತಾಳ್ಮೆ ಉಳಿದಿರಲಿಲ್ಲ, ಎಲ್ಲ ಹೇಳಿಬಿಟ್ಟೆ. ಗುಡುಗುತ್ತಾರೆ ಎಂದುಕೊಂಡೆ. ಅವರು ಅನ್ನಕ್ಕೆ ಸಾರು ಕಲಸಿಕೊಳ್ಳುತ್ತ, "ಹಂಗಾದ್ರೆ ನಿಂಗೆ ಈ ಕೆಲ್ಸ ಬತ್ತದೆ ಅನ್ನು" ಎಂದರು ಅಷ್ಟೆ.

ಭಾನುವಾರ ಬೆಳಿಗ್ಗೆ ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಯಜಮಾನರ ಬೈಕು, ಮೈದುನನ ಬೈಕು, ಮಾವನವರ ಸ್ಕೂಟರು ಸಾಲಾಗಿ ನಿಂತಿದ್ದವು. ಸ್ವಾತಂತ್ರ್ಯಕ್ಕೆಂದು ಕಲಿತ ವಿದ್ಯೆ! ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಸ್ಪ್ಯಾನರ್ ಎತ್ತಿಕೊಂಡೆ.

ಮೊನ್ನೆ ಮೈದುನನ ಬೈಕು ಬಾಣಾವರದ ಹತ್ತಿರ ನಿಂತುಹೋಯಿತು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದರು.

"ಸ್ಕೂಲಿನ ಗ್ಯಾನದಲ್ಲಿ ಎಣ್ಣೆ ನೆಟ್ಟಗೆ ಹಾಕ್ಲಿಲ್ವೇನೋ" ಎಂದರು ಮಾವನವರು, ಸಿಟ್ಟೇ ಇಲ್ಲದೆ. "ಗಾಡಿ ದಾರೀಲಿ ನಿಲ್ಲಬಾರ್ದು ಅಂತ ಮೊದ್ಲೇ ಮಾತಾಗೈತಲ್ಲಮ್ಮ."

ನಾನು ಹೋಗಿ ಟ್ಯಾಂಕಿನ ಮುಚ್ಚಳ ತೆಗೆದೆ. ಒಂದು ಹನಿ ಪೆಟ್ರೋಲಿಲ್ಲ. ಮೈದುನ ತಲೆ ಕೆರೆದುಕೊಂಡು ನಕ್ಕ. ಮಾವನವರು, "ಅದನ್ನೂ ಒಸಿ ನೋಡ್ಕೊಳ್ಳಮ್ಮ ಇನ್ಮೇಲೆ" ಎಂದು ಒಳಗೆ ಹೋದರು.

ಮೊದಲು ಒಂದು ಗಾಡಿ ನಿಲ್ಲಬಾರದಿತ್ತು. ಈಗ ನಾಲ್ಕೂ ನಿಲ್ಲಬಾರದು. ದಿನಾ ಬೆಳಿಗ್ಗೆ ಮೂವರ ಗಾಡಿಯ ಎಣ್ಣೆ, ಪೆಟ್ರೋಲು ನೋಡಿ, ಆಮೇಲೆ ನನ್ನದನ್ನು ನೋಡಿಕೊಂಡು ಹೊರಡುತ್ತೇನೆ. ಬೈಕು ಚೆನ್ನಾಗಿಯೇ ಓಡುತ್ತದೆ. ಆದರೆ ಈಚೆಗೆ ನಾನು ಮಾದಿಹಳ್ಳಿ ಮುಟ್ಟುವಷ್ಟರಲ್ಲಿ ಪ್ರೇಯರ್ ಮುಗಿದಿರುತ್ತದೆ.