ಬ್ಯಾಸರ ಆಗೇತೇನ್ರಿ ಅಂತ ಕೇಳಿದ್ದು

ಎಂ.ಎ. ಸೈಕಾಲಜಿ ಎರಡನೇ ವರ್ಷದಾಗ ನಾನು ಎರಡು ತಿಂಗಳು ಪುಕ್ಕಟೆ ದುಡದೆ. ಅದಕ್ಕ 'ಸ್ವಯಂಸೇವಾ ಸಂಶೋಧನಾ ಇಂಟರ್ನ್‌ಶಿಪ್' ಅಂತ ಉದ್ದಾನ ಹೆಸರಿತ್ತು. ನಮ್ಮವ್ವಗ ಅದನ್ನ ತಿಳಿಸಿ ಹೇಳೂದ್ರಾಗ ನನಗ ಸಾಕಾಗಿ ಹೋಗ್ತಿತ್ತು.

"ಪಗಾರ ಇಲ್ಲಂದ್ರ ಮತ್ಯಾಕ ಹೋಗ್ತೀ?"

"ಸರ್ಟಿಫಿಕೇಟ್ ಕೊಡ್ತಾರವಾ."

"ಅದನ್ನ ತಗೊಂಡು?"

"ಮುಂದ ಕ್ಲಿನಿಕಲ್ ಕೋರ್ಸಿಗೆ ಸೀಟು ಸಿಗ್ತೈತಿ."

"ಸೀಟು ಸಿಕ್ಕ ಮ್ಯಾಲ?"

ಇಷ್ಟು ಹೊತ್ತಿಗೆ ರಾಣೆಬೆನ್ನೂರು ಸ್ಟ್ಯಾಂಡಿನ್ಯಾಗ ಬ್ಯಾಡಗಿ ಬಸ್ಸು ತುಂಬಿ ಹೊಂಟಿರ್ತಿತ್ತು. ನಾನು ಓಡಿ ಹೋಗಿ ಜೋತು ಬೀಳ್ತಿದ್ದೆ. ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ, ನಾನೂ ಪುಕ್ಕಟೆ, ಹಿಂಗಾಗಿ ಸಂಶೋಧನೆಗೆ ನನ್ನಿಂದ ಯಾವ ಲುಕ್ಸಾನೂ ಇರಲಿಲ್ಲ.

ಕೆಲಸ ಏನಂದ್ರ, ಬ್ಯಾಡಗಿಯೊಳಗ ಮೆಣಸಿನಕಾಯಿ ತೊಟ್ಟು ಮುರಿಯೋ ಹೆಣ್ಣುಮಕ್ಕಳ ಮನಸ್ಸು ಹೆಂಗೈತಿ ಅಂತ ಫಾರ್ಮ್ ತುಂಬಿಸೂದು. ಶುರುವಿಗೆ ಹಾವೇರಿಯೊಳಗ ಒಂದು ದಿನ ತರಬೇತಿ ಇತ್ತು. ಬೆಂಗಳೂರಿಂದ ಒಬ್ಬರು ಸರ್ ಬಂದಿದ್ರು, ಪಿಎಚ್.ಡಿ ಮಾಡೋರು. ಒಳ್ಳೇ ಮನುಷ್ಯಾರು, ಆದ್ರ ಅವರೂ ನಮ್ಮಂಗ ದಣದಿದ್ರು. ಎರಡು ಜಿಲ್ಲಾ ಒಬ್ಬರ ನೋಡ್ಕೋಬೇಕಿತ್ತು. "ಫಾರ್ಮಿನಲ್ಲಿ ಏನಿದೆಯೋ ಅದನ್ನೇ ಓದಿ. ಒಂದು ಅಕ್ಷರ ಬದಲಾಯಿಸಬೇಡಿ" ಅಂತ ಆ ದಿನ ಹತ್ತು ಸಲ ಹೇಳಿದ್ರು.

ಫಾರ್ಮಿನ್ಯಾಗ ಮೊದಲ ಎರಡು ಪ್ರಶ್ನೆ ಬಾಗಲಾ ಇದ್ದಂಗ. 'ಕಳೆದ ಎರಡು ವಾರಗಳಲ್ಲಿ ನಿಮಗೆ ಬೇಸರವಾಗಿದೆಯೇ?' ಅನ್ನೂದು ಒಂದು. 'ಕೆಲಸಗಳಲ್ಲಿ ನಿಮ್ಮ ಆಸಕ್ತಿ ಕಡಿಮೆಯಾಗಿದೆಯೇ?' ಅನ್ನೂದು ಇನ್ನೊಂದು. ಎರಡಕ್ಕೂ 'ಇಲ್ಲ' ಅಂದ್ರ ಅಲ್ಲಿಗೆ ಮುಗೀತು, ಸೊನ್ನೆ ಹಾಕಿ ಎದ್ದು ಬರೂದು. ಒಂದಕ್ಕರೆ 'ಹೌದು' ಅಂದ್ರ ಮುಂದಿನ ಪ್ರಶ್ನೆ ಎಲ್ಲಾ ಕೇಳಬೇಕು. ಅಂಕ ಹೆಚ್ಚು ಬಂದವರ ಹೆಸರು ಡಾಕ್ಟರ ಪಟ್ಟಿಗೆ ಹೋಗ್ತಿತ್ತು. ಕೊನೀ ಶನಿವಾರ ಡಾಕ್ಟರು ತಾವ ಬ್ಯಾಡಗಿಗೆ ಬಂದು, ಆ ಪಟ್ಟಿಯವರನ್ನ ನೋಡಿ, ಔಷಧಿ ಕೊಟ್ಟು, ಮುಂದನೂ ನೋಡ್ಕೋತಾರ ಅಂತ ಮಾತಾಗಿತ್ತು. ಆ ಒಂದು ಪಟ್ಟಿ ಸಲವಾಗಿ ನನಗ ಈ ಪುಕ್ಕಟೆ ಕೆಲಸದ ಬಗ್ಗೆ ಸ್ವಲ್ಪ ಹೆಮ್ಮಿನೂ ಇತ್ತು.

ಬ್ಯಾಡಗಿ ಕಾಯಿಗೆ ಬಣ್ಣಾ ಹೆಚ್ಚು, ಖಾರ ಕಡಿಮಿ ಅಂತಾರ. ಅನ್ನೋರು ಆ ಶೆಡ್ಡಿನ್ಯಾಗ ಒಂದು ತಾಸು ಕುಂತು ನೋಡ್ಬೇಕು. ನನ್ನ ಜೋಡಿ ಹಲಗೇರಿಯಿಂದ ಒಬ್ಬಾಕಿ ಗೆಳತಿ ಬರ್ತಿದ್ಲು. ಮೂರನೇ ದಿನಕ್ಕ ಕೆಮ್ಮಿ ಕೆಮ್ಮಿ, "ನನಗ ಸರ್ಟಿಫಿಕೇಟ್ ಬ್ಯಾಡ, ಎದಿ ಉಳದ್ರ ಸಾಕು" ಅಂತ ಕೈ ಮುಗದು ಹೋದ್ಲು. ನಾನು ಉಳದೆ. ಫಾರ್ಮಿನ ಕೆಳಗ ನಮಗಂತ ಒಂದು ಸಣ್ಣ ಚೌಕ ಇತ್ತು: 'ಸಂದರ್ಶನದ ವೇಳೆ ಇವರು ಕಣ್ಣೀರು ಹಾಕಿದರೇ?' ಹಾಕದೋರು ಯಾರು! ಮೆಣಸಿನಕಾಯಿ ಘಾಟಿಗೆ ಎಲ್ಲಾರ ಕಣ್ಣಾಗೂ ನೀರು, ನನ್ನ ಕಣ್ಣಾಗ ಇನ್ನೂ ಹೆಚ್ಚು. ಸರ್‌ಗೆ ಫೋನ್ ಮಾಡಿ ಕೇಳಿದ್ರ, "ಆ ಚೌಕ ಖಾಲಿ ಬಿಡಿ" ಅಂದ್ರು.

ಮೊದಲ ಎರಡು ವಾರ ಶೆಡ್ಡಿನ ಮಾಲಕರ ಒಪ್ಪಿಗಿ ತಗೊಳ್ಳೂದು, ಹೆಸರು ಬರಕೊಳ್ಳೂದು, ಇದರಾಗ ಹೋತು. ಹೆಣ್ಣುಮಕ್ಕಳು ನನ್ನ ಕಂಡ್ರ ಸೆರಗು ಬಾಯಿಗೆ ಹಿಡದು ನಕ್ಕು ಸುಮ್ಮನಾಗ್ತಿದ್ರು. ಬಾಯಿ ಬಿಡಿಸಿದಾಕಿ ಒಬ್ಬಾಕಿ ಅಕ್ಕ. ನಲವತ್ತರ ಆಜೂಬಾಜೂ ವಯಸ್ಸು, ಬಾಗಲ ಹಂತ್ಯಾಕ ಕುಂದರ್ತಿದ್ಲು. "ಪಾಪ, ಕೂಸು ರಾಣೆಬೆನ್ನೂರಿಂದ ಬಸ್ಸಿನ್ಯಾಗ ನಿಂತು ಬರತೈತಿ. ಕೇಳಿದ್ದಕ್ಕ ಹೇಳ್ರೆ, ನಿಮ್ಮ ಗಂಟೇನ ಹೋಗತೈತಿ?" ಅಂತ ಎಲ್ಲಾರನ್ನೂ ಬೈದ್ಲು. ಅವತ್ತಿಂದ ನಾನು ಆ ಶೆಡ್ಡಿನ್ಯಾಗ ಮೇಡಮ್ಮೂ ಅಲ್ಲ, ಸಂಶೋಧಕಿನೂ ಅಲ್ಲ, ಕೂಸು. ಮಧ್ಯಾಹ್ನ ಆಕಿ ಗಂಟಿನಿಂದ ಒಂದು ರೊಟ್ಟಿ, ಮ್ಯಾಲ ಶೇಂಗಾ ಚಟ್ನಿ ನನ್ನ ಕೈಗೆ ಬರ್ತಿತ್ತು. ಒಲ್ಲೆ ಅಂದ್ರ ಸಿಟ್ಟಿಗೆದ್ದು ಮಾರಿ ತಿರುವತಿದ್ಲು.

ಆಮ್ಯಾಲ ಫಾರ್ಮ್ ತುಂಬಾಕ ಕುಂತೆ. ನಾನು ಓದ್ತಿದ್ದೆ, "ಕಳೆದ ಎರಡು ವಾರಗಳಲ್ಲಿ ನಿಮಗೆ ಬೇಸರವಾಗಿದೆಯೇ?" ಅವರು ತೊಟ್ಟು ಮುರಕೊಂತ, "ಇಲ್ಲ ಬಿಡ್ರಿ, ಯಾಕ ಬ್ಯಾಸರಾ?" ಅಂತಿದ್ರು. "ಕೆಲಸಗಳಲ್ಲಿ ನಿಮ್ಮ ಆಸಕ್ತಿ ಕಡಿಮೆಯಾಗಿದೆಯೇ?" "ಇಲ್ಲವಾ ಇಲ್ಲ, ಕೆಲಸಾ ಚೊಲೋ ಮಾಡ್ತೇವಿ." ಸೊನ್ನೆ. ಮುಂದಿನಾಕಿ. ಮತ್ತ ಸೊನ್ನೆ. ಆ ಅಕ್ಕನ ಫಾರ್ಮಂತೂ ಎರಡ ನಿಮಿಷದಾಗ ಮುಗೀತು. ನಲವತ್ತು ಫಾರ್ಮಿನ್ಯಾಗ ನಲವತ್ತೂ ಸೊನ್ನೆ.

ಖರೇ ಹೇಳ್ತೇನಿ, ಆ ಸೊನ್ನೆ ನೋಡಿ ನನಗ ಸಂಶಯ ಬರಲಿಲ್ಲ, ಸಂತೋಷ ಆತು. ಒಬ್ಬಾಕಿ 'ಹೌದು' ಅಂದಿದ್ರ ಮುಂದ ಅರ್ಧ ತಾಸು ಆ ಘಾಟಿನ್ಯಾಗ ಕುಂದರಬೇಕಿತ್ತು. 'ಇಲ್ಲ' ಅಂದ್ರ ನಾಲ್ಕು ಗಂಟೆ ಬಸ್ಸು ಸಿಗ್ತಿತ್ತು. ನನಗೂ ಮೈಕೈ ನೋವು, ಗಂಟಲು ಉರಿ, ಮನಿಗೆ ಹೋದ್ರ ನಮ್ಮವ್ವನ ಪ್ರಶ್ನಿ ಬ್ಯಾರೆ. ಸರ್ ಫೋನಿನ್ಯಾಗ ಒಮ್ಮೆ, "ಅಷ್ಟೂ ಸೊನ್ನೆನಾ?" ಅಂತ ಕೇಳಿ, "ಸರಿ, ಕೆಲವು ಕಡೆ ಹಾಗೂ ಬರುತ್ತೆ" ಅಂತ ತಾವ ಸಮಾಧಾನ ಮಾಡ್ಕೊಂಡ್ರು. ಕೊನೀ ಶನಿವಾರ ಬಂತು, ಹೋತು. ಪಟ್ಟಿಯೊಳಗ ಬ್ಯಾಡಗಿದು ಒಂದೂ ಹೆಸರಿಲ್ಲ ಅಂದ ಮ್ಯಾಲ ಡಾಕ್ಟರು ಬಂದು ಏನ ಮಾಡಬೇಕು? ಬ್ಯಾರೆ ಕಡೆ ಹೋದ್ರು.

ಮುಂದಿನ ವಾರ ಮಾಲಕರ ಸಹಿ ಒಂದು ಬೇಕಾಗಿತ್ತು ಅಂತ ನಾನು ಕಡೀ ಸಲ ಶೆಡ್ಡಿಗೆ ಹೋದೆ. ಸಹಿ ಆತು. ಹೊಂಡೂಮುಂದ ಎಲ್ಲಾರಿಗೂ ಕೈ ಮುಗದೆ. "ಭಾಳ ತ್ರಾಸ ಕೊಟ್ಟೆ ನಿಮಗ. ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದೆ.

ಶೆಡ್ಡಿಗೆ ಶೆಡ್ಡ ನಕ್ತು. ಆ ಅಕ್ಕ ಹೊಟ್ಟಿ ಹಿಡಕೊಂಡು, "ಎಷ್ಟ ಸಲ ಕೇಳ್ತೀ ಯವ್ವಾ ಅದನ್ನ! ಕಾಗದ ಹಿಡಕೊಂಡು ಕುಂತ್ರ ಸಾಕು, ಬ್ಯಾಸರ ಆಗೇತೇನ್ರಿ, ಬ್ಯಾಸರ ಆಗೇತೇನ್ರಿ. ಇಲ್ಲಂತ ಎಲ್ಲಾರೂ ಹೇಳಿವಲ್ಲ! ಎರಡ ವಾರದಾಗ ಅಂತಿದ್ದಿ, ನೀ ಬಂದು ಕಾಡಾಕತ್ತು ಆಗ ಎರಡ ವಾರ ಆಗಿತ್ತು ನೋಡು, ನಮಗೇನ ಬ್ಯಾಸರಿಲ್ಲ. ಕೂಸನ್ನ ಭಾಳ ಮರ್ಯಾದಿಲೆ ಬೆಳಸ್ಯಾರ ಅಂತ ನಾವ ಮಾತಾಡ್ಕೊಂಡ್ವಿ" ಅಂದ್ಲು.

ನಾನು ನಿಂತಲ್ಲೇ ನಿಂತೆ. ನಮ್ಮ ಕಡೆ ಬ್ಯಾಸರ ಅಂದ್ರ ಏನು ಅಂತ ನನಗ ಯಾರರೆ ಹೇಳಿಕೊಡಬೇಕಿತ್ತೇನು? ಹುಟ್ಟಿದಾಗಿಂದ ಕೇಳಿದ ಮಾತು. ನಮ್ಮಿಂದ ತ್ರಾಸ ಆತೇನು, ನಮ್ಮ ಮ್ಯಾಲ ಸಿಟ್ಟೇನು ಅಂತ ಕೇಳೂದಕ್ಕ ಆ ಮಾತು. ನಾನು ಅವರ ಮನಸ್ಸಿನ ದುಃಖ ಕೇಳೇನಿ ಅನ್ಕೊಂಡಿದ್ದೆ, ಅವರು ನನಗ ಉಪಚಾರದ ಮಾತು ಹೇಳಿ ಕಳಿಸಿದ್ರು. ಎರಡನೇ ಪ್ರಶ್ನೆ ನೆನಸ್ಕೊಂಡ್ರ ಇನ್ನೂ ಚೆಂದ. ಕೆಲಸ ನೋಡ್ಕೊಳ್ಳೋ ಮುಕಾದಮ ಎರಡು ಮಾರು ದೂರ ನಿಂತಿರ್ತಿದ್ದ. ಅವನ ಎದುರಿಗೆ 'ಕೆಲಸದಾಗ ಆಸಕ್ತಿ ಕಡಿಮಿ ಆಗೇತೇನು' ಅಂತ ಕೇಳಿದ್ರ ಯಾವಾಕಿ ಹೌದು ಅಂತಾಳ? ಅಯ್ಯ ನನ್ನ ಓದಿಗಿಷ್ಟು ಬೆಂಕಿ ಹಚ್ಚಲಿ ಅನಸ್ತು.

ಆ ಅಕ್ಕನ್ನ ಹೊರಗ ನೀರಿನ ಡ್ರಮ್ಮಿನ ಕಡೆ ಕರ್ಕೊಂಡು ಹೋದೆ. ಕೈಯಾಗ ಕಾಗದ ಇರಲಿಲ್ಲ. "ಅಕ್ಕಾ, ನಕ್ಕು ಬಿಡಬ್ಯಾಡ. ಜೀವಕ್ಕ ಹೆಂಗನಸ್ತೈತಿ? ಉಂಡದ್ದು ರುಚಿ ಹತ್ತತೈತೇನು?" ಅಂತ ಕೇಳಿದೆ.

"ಆರಾಮ ಅದೇನಿ ಬಿಡ" ಅಂದ್ಲು. ಆಮ್ಯಾಲ ಸೆರಗಿನ ತುದಿ ಬೆರಳಿಗೆ ಸುತ್ತಕೊಂತ ಶುರು ಮಾಡಿದ್ಲು.

"ಎಂಟು ತಿಂಗಳಾತು ಕೂಸ. ಉಂಡ್ರ ಮಣ್ಣು ತಿಂದಂಗ ಆಗತೈತಿ. ನಿದ್ದಿ ಹತ್ತಂಗಿಲ್ಲ. ಇಲ್ಲಿ ನಕ್ಕೊಂತ ಇರ್ತೇನಿ, ಮನಿಗೆ ಹೋದ್ರ ಒಲಿ ಹಚ್ಚಾಕ ಕೈ ಏಳಂಗಿಲ್ಲ. ಗಂಡ ಚೊಲೋ ಮನುಷ್ಯ, ಕುಡಿಯಂಗಿಲ್ಲ, ಕೈ ಎತ್ತಂಗಿಲ್ಲ. ಮಗ ಐಟಿಐ ಓದಾಕತ್ತಾನ. ನಿನಗೇನ ಕಡಿಮಿ ಆಗೇತಿ ಅಂತ ಯಾರರೆ ಕೇಳಿದ್ರ ಏನ ಹೇಳ್ಲಿ? ಏನೂ ಕಡಿಮಿ ಆಗಿಲ್ಲ. ಹೊಳ್ಳಿ ಹೋಗೂ ಹಾದ್ಯಾಗ ಒಂದು ಹಾಳಬಾವಿ ಐತಿ. ಮೂರು ಸಲ ನಿಂತು ಒಳಗ ಬಗ್ಗಿ ನೋಡೇನಿ."

ಹವಾಮಾನದ ಸುದ್ದಿ ಹೇಳಿದಂಗ ಹೇಳಿದ್ಲು.

ಅಲ್ಲಿಂದನ ಸರ್‌ಗೆ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ. ಅವರು, "ನೀವು ಪ್ರಶ್ನೆ ಬದಲಿಸಿ ಕೇಳಿದ್ರಾ? ಹಾಗಾದ್ರೆ ಅದು ನಮ್ಮ ಡೇಟಾ ಅಲ್ಲ" ಅಂದ್ರು. "ಸರ್, ಈಕಿಗೆ ಡಾಕ್ಟರು ಬೇಕು" ಅಂದೆ. ಅದಕ್ಕ ಅವರು, "ಪಟ್ಟಿ ಮುಗಿದುಹೋಗಿದೆ. ನೀವೇ ಹಾವೇರಿಗೆ ಕರ್ಕೊಂಡು ಹೋಗಿ. ದಯವಿಟ್ಟು ನಾಳೆನೇ ಹೋಗಿ" ಅಂದ್ರು. ಉಳಿದ ಫಾರ್ಮ್ ಏನ್ ಮಾಡೂದು ಸರ್ ಅಂತ ಕೇಳಿದೆ. "ಅವು ಇದ್ದ ಹಾಗೇ ಇರಲಿ" ಅಂದ್ರು. ನಾನು ಜಗಳ ತೆಗೀಬಹುದಿತ್ತು. ಸರ್ಟಿಫಿಕೇಟಿಗೆ ಅವರದ ಸಹಿ ಆಗಬೇಕಿತ್ತು, ನನಗೂ ದಣಿವಾಗಿತ್ತು. "ಆತ್ರಿ ಸರ್" ಅಂದೆ.

ಅಕ್ಕ ಮನಿಯಾಗ ಬಿಪಿ ತೋರಿಸಾಕ ಹೊಂಟೇನಿ ಅಂತ ಹೇಳಿ ಮರುದಿನ ಮುಂಜಾನೆ ಬ್ಯಾಡಗಿ ಸ್ಟ್ಯಾಂಡಿಗೆ ಬಂದ್ಲು. ಹಾವೇರಿ ದೊಡ್ಡ ದವಾಖಾನಿಯೊಳಗ 'ಮಾನಸಿಕ' ಅನ್ನೂ ಬೋರ್ಡು ನಿಧಾನಕ ಅಕ್ಷರ ಕೂಡಿಸಿ ಓದಿದ್ಲು, ಅಲ್ಲೇ ಕಾಲು ಹಿಂದ ಇಟ್ಲು. "ಒಲ್ಲೆ ಕೂಸ. ನನಗೇನ ಹುಚ್ಚು ಹಿಡದೈತೇನು? ನಮ್ಮ ಊರವರು ಯಾರರೆ ನೋಡಿದ್ರ?"

"ನೋಡಿದ್ರ ಈ ಕೂಸನ್ನ ತೋರಿಸಾಕ ಬಂದೀನಿ ಅಂತ ಹೇಳು" ಅಂದೆ.

ಹೇಳೇ ಬಿಟ್ಲು! ಪಾಳಿ ಹಚ್ಚಿ ಕುಂತಿದ್ವಿ, ಬ್ಯಾಡಗಿಯ ಒಬ್ಬ ಮುದುಕಿ ಎದುರಿಗೆ ಬಂದು "ಏನವಾ ಇಲ್ಲಿ?" ಅಂದಳು. ಅಕ್ಕ ಒಂದು ಉಸಿರೂ ತಗೊಳ್ಳದ, "ಈ ಕೂಸಿಗೆ ಆರಾಮಿಲ್ರೀ" ಅಂದ್ಲು. ಮುದುಕಿ ನನ್ನ ಮಾರಿ ನೋಡಿ, "ಅಯ್ಯ ಶಿವನೇ, ಇನ್ನೂ ಲಗ್ನ ಆಗಿಲ್ಲ ಅನಸ್ತೈತಿ" ಅಂತ ಲೊಚಗುಟ್ಟಿ ಹೋದ್ಲು. ಎರಡು ತಿಂಗಳಾಗ ನಾನು ಮಾಡಿದ ಖರೇ ಕೆಲಸ ಅಂದ್ರ ಅದೊಂದ ಇರಬೇಕು.

ಡಾಕ್ಟರ್ ಮೇಡಂ ನಮ್ಮ ಕಡೆಯವರ. "ಹೇಳವಾ, ಏನಾಗತೈತಿ?" ಅಂತ ಕೇಳಿ ಪೆನ್ನು ಕೆಳಗಿಟ್ಟು ಕುಂತ್ರು. ಅಕ್ಕ ಎಲ್ಲಾ ಹೇಳಿದ್ಲು, ಬಾವಿ ಮಾತನ್ನೂ ಹೇಳಿದ್ಲು. ಕಡೀಕ, "ಕಾರಣ ಏನೂ ಇಲ್ರೀ, ಅದಕ್ಕ ನಾಚಿಕಿ" ಅಂದ್ಲು. "ಜ್ವರ ಬಂದ್ರ ಕಾರಣ ಹುಡುಕ್ಕೊಂತ ಕುಂದರ್ತೀ ಏನು? ಗುಳಿಗಿ ತಗೋತೀ. ಇದೂ ಹಂಗ" ಅಂದ್ರು ಮೇಡಂ. ಅಕ್ಕ ಮೇಜಿನ ಮ್ಯಾಲ ತಲಿ ಇಟ್ಟು ಅತ್ತಳು. ಮೇಡಂ ಗುಳಿಗಿ ಬರದ್ರು, ಹದಿನೈದು ದಿನಕ್ಕ ಮತ್ತ ಬರಾಕ ಹೇಳಿದ್ರು, ಗಂಡನ್ನೂ ಕರ್ಕೊಂಡು ಬಾ ಅಂದ್ರು.

ಹೊಳ್ಳಿ ಬರೂಮುಂದ ಬಸ್ಸಿನ್ಯಾಗ ಕಿಡಕಿ ಬಾಜೂ ಕುಂತಿದ್ಲು. ಬ್ಯಾಡಗಿ ಹತ್ರ ಬಂದಾಗ ನನ್ನ ಕೈ ಹಿಡದ್ಲು.

"ಶೆಡ್ಡಿನ್ಯಾಗ ನನ್ನ ಎಡಕ್ಕ ಒಬ್ಬಾಕಿ ಸಣ್ಣ ವಯಸ್ಸಿನಾಕಿ ಕುಂದರ್ತಾಳಲ್ಲ, ಎರಡು ಕೂಸಿನ ತಾಯಿ. ಆ ಬಾವಿ ಕಡೆ ಆಕೀನೂ ನಿಂತಿರ್ತಾಳ. ನಾ ನೋಡೇನಿ, ಆಕಿ ನನ್ನ ನೋಡ್ಯಾಳ. ಇಬ್ಬರೂ ಬಾಯಿ ಬಿಟ್ಟಿಲ್ಲ. ನಾ ಕೇಳಿದ್ರ ಹೇಳಂಗಿಲ್ಲ, ನಾಚ್ಕೋತಾಳ. ನೀ ಒಮ್ಮೆ ಕೇಳ ಯವ್ವಾ, ನನಗ ಕೇಳಿದಂಗ."

"ಹೂಂ ಅಕ್ಕಾ, ನಾಳೆ ಬರ್ತೇನಿ" ಅಂದೆ.

ಮರುದಿನ ಜ್ವರ ಬಂದಂಗಾಗಿ ಮಲಗಿದೆ. ಅದರ ಮರುದಿನ ರಿಪೋರ್ಟ್ ಬರಿಯೋದಿತ್ತು. ಸೋಮವಾರ ಯೂನಿವರ್ಸಿಟಿ ಹಾಸ್ಟೆಲ್ಲಿಗೆ ಹೊಂಟೆ, ಹದಿನೈದು ದಿನಕ್ಕ ಊರಿಗೆ ಬಂದಾಗ ಹೋದ್ರಾತು ಅನ್ಕೊಂಡೆ. ಆಗ ಪರೀಕ್ಷೆ ಬಂತು. ಸರ್ಟಿಫಿಕೇಟ್ ಪೋಸ್ಟಿನ್ಯಾಗ ಬಂತು. ನಮ್ಮವ್ವ ಅದನ್ನ ಪ್ಲಾಸ್ಟಿಕ್ ಕವರಿನ್ಯಾಗ ಹಾಕಿ ಟ್ರಂಕಿನ್ಯಾಗ ಇಟ್ಲು.

ಆ ಅಕ್ಕ ಈಗ ಆರಾಮದಾಳ, ಖರೇನ ಆರಾಮ. ವರ್ಷದ ಮ್ಯಾಲ ಗುಳಿಗಿ ತಗೊಂಡ್ಲು, ಗಂಡನ ಜೋಡಿ ಹೋಗಿ ತೋರಿಸ್ಕೊಂಡು ಬರ್ತಿದ್ಲು. ಹಬ್ಬಕ್ಕೊಮ್ಮೆ ಫೋನ್ ಮಾಡ್ತಾಳ. ಮಗನ ನೌಕರಿ, ಗಂಡನ ಮೊಣಕಾಲು, ಮೆಣಸಿನಕಾಯಿ ರೇಟು, ನನ್ನ ಲಗ್ನ, ಎಲ್ಲಾ ಮಾತಾಡ್ತಾಳ. ತನ್ನ ಎಡಕ್ಕ ಕುಂದರ್ತಿದ್ದಾಕಿ ಸುದ್ದಿ ಮಾತ್ರ ಆಕಿ ಒಮ್ಮೆನೂ ತಗದಿಲ್ಲ. ನಾನೂ ಕೇಳಿಲ್ಲ.