ಘಾಟಿಯ ರೇಸಿನಲ್ಲಿ ನಾನೊಬ್ಬಳೇ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಭಾಂಡುಪ್ ಸ್ಟೇಷನ್ನಿನಲ್ಲಿ ಸೈಕಲ್ ಸಮೇತ ಲಗೇಜ್ ಡಬ್ಬಾ ಹತ್ತಿದೆ. ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಹೊರಟಿದ್ದ ಇಬ್ಬರು ಹೆಂಗಸರು ನನ್ನ ಹೆಲ್ಮೆಟ್ಟನ್ನೂ ಬಿಗಿ ಚಡ್ಡಿಯನ್ನೂ ನೋಡಿ ಮುಸಿಮುಸಿ ನಕ್ಕರು. ನಗಲಿ ಬಿಡಿ. ನಲವತ್ತೇಳು ವಯಸ್ಸಿನ ಶಾಲಾ ಟೀಚರು ಈ ವೇಷದಲ್ಲಿ ಹೊರಟರೆ ನಾನಾದರೂ ನಗುತ್ತಿದ್ದೆ. ಕಲ್ಯಾಣದಲ್ಲಿ ಇಳಿದು ಕಸಾರಾ ಲೋಕಲ್ ಹಿಡಿದೆ.

ಗಂಡ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಶನಿವಾರ ಭಾನುವಾರ ಅಂದರೆ ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹೀಗಾಗಿ ನನ್ನ ಒಂದೇ ಒಂದು ರೇಸನ್ನೂ ಅವರು ಕಂಡಿಲ್ಲ. ಹೊರಡುವಾಗ, "ಬೀಳ್ಬೇಡ ಮಾರಾಯ್ತಿ, ಸೋಮವಾರ ಶಾಲೆ ಉಂಟು" ಎಂದಷ್ಟೇ ಹೇಳಿದರು. ಅವರ ಲೆಕ್ಕದಲ್ಲಿ ಅದೇ ಆಶೀರ್ವಾದ.

ಕಸಾರಾದಿಂದ ಇಗತಪುರಿಗೆ ಶೇರ್ ಜೀಪು. ಡ್ರೈವರು ನನಗೆ ನೂರು, ಸೈಕಲ್ಲಿಗೂ ನೂರು ಕೇಳಿದ. "ಅದು ಜೀಪಿನ ತಲೆ ಮೇಲೆ ಬರೋದಲ್ವಾ?" ಎಂದರೆ, "ಸೀನರಿ ಅದಕ್ಕೇ ಚೆನ್ನಾಗಿ ಕಾಣತ್ತೆ" ಎಂದ. ಇನ್ನೂರು ಕೊಟ್ಟೆ. ಘಾಟಿ ಏರುತ್ತಿದ್ದಂತೆ ಗಾಳಿ ತಣ್ಣಗಾಯಿತು.

ರೇಸಿನ ಆಫೀಸು ಎಂದರೆ ಒಂದು ಮಂಗಲ ಕಾರ್ಯಾಲಯದ, ಅಂದರೆ ಮದುವೆ ಮಂಟಪದ ಜಗುಲಿ. ಅಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಹಿರಿಯ ಮರಾಠಿ ಮನುಷ್ಯನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತದೆ. ನಾವೆಲ್ಲ ಅವರನ್ನು ಸೀಟಿ ಕಾಕಾ ಎನ್ನುತ್ತೇವೆ. ರೇಸಿನ ಟೈಮು ನೋಡುವವರೂ ಅವರೇ, ಬೈಯುವವರೂ ಅವರೇ. ಪಟ್ಟಿಯಲ್ಲಿ ಬೆರಳಾಡಿಸಿ, "ಮ್ಯಾಡಮ್, ನಲವತ್ತು ದಾಟಿದ ಮಹಿಳೆಯರ ಗುಂಪಿನಲ್ಲಿ ಈ ಸಲ ನೀವೊಬ್ಬರೇ" ಎಂದರು.

ಗೊತ್ತಿತ್ತು. ಹೋದ ವರ್ಷ ಮೂವರಿದ್ದೆವು. ನಾನು, ನೀತಾ, ಜಯಶ್ರೀ. ಎಂಟು ವರ್ಷ ಪ್ರತಿ ಭಾನುವಾರ ಭಾಂಡುಪಿನಿಂದ ದಾದರ್‌ವರೆಗೆ ತುಳಿದು, ಅಲ್ಲಿ ಚಾ ಕುಡಿದು, ಲೋಕವನ್ನೆಲ್ಲ ಬೈದು ವಾಪಸ್ಸಾಗುತ್ತಿದ್ದ ಮೂವರು. ನೀತಾಗೆ ನಾಗಪುರಕ್ಕೆ ವರ್ಗವಾಯಿತು. ಜಯಶ್ರೀಗೆ ಮಂಡಿಯ ಆಪರೇಷನ್ ಆಯಿತು. ದಾದರಿನ ಚಾ ನಾನೀಗ ಒಬ್ಬಳೇ ಕುಡಿಯುತ್ತೇನೆ, ಬೈಯಲು ಲೋಕ ಹಾಗೇ ಇದೆ.

"ಕಮಿಟಿಯವರು ಹೇಳಿದ್ದಾರೆ," ಕಾಕಾ ದನಿ ತಗ್ಗಿಸಿದರು, "ನಾಳೆ ನೀವು ನಾಲ್ಕು ತಾಸಿನೊಳಗೆ ಮುಗಿಸಿದರೆ ಗುಂಪು ಉಳಿಯುತ್ತದೆ. ಯಾರೂ ಮುಗಿಸದಿದ್ದರೆ ಮುಂದಿನ ವರ್ಷದಿಂದ ಬಂದ್."

 ನಮ್ಮ ಶಾಲೆಯ ಕನ್ನಡ ಮಾಧ್ಯಮದ ನಾಲ್ಕನೇ ತರಗತಿಯನ್ನು ಮಕ್ಕಳಿಲ್ಲವೆಂದು ಮುಚ್ಚಿದ ದಿನ ಬೀಗ ಹಾಕಿದವಳು ನಾನೇ. ಮತ್ತೊಂದು ಬಾಗಿಲು ನನ್ನ ಕೈಯಲ್ಲೇ ಮುಚ್ಚುವುದು ಬೇಡವಾಗಿತ್ತು. "ಮುಗಿಸ್ತೀನಿ ಕಾಕಾ" ಎಂದೆ.

ಅಂದು ಸಂಜೆ ಆರು ಕಿಲೋಮೀಟರಿನ ಏರು ಸ್ಪರ್ಧೆ. ಒಬ್ಬೊಬ್ಬರನ್ನೇ ಬಿಡುವ ಕಾರಣ ಅಲ್ಲಿ ಎಲ್ಲರೂ ಒಂಟಿಯೇ. ಏದುಸಿರು ಬಿಟ್ಟು ಹತ್ತಿ ಮುಗಿಸಿದೆ. ರಾತ್ರಿ ಲಾಡ್ಜಿನ ಹುಡುಗಿಯರ ಕೋಣೆಯಲ್ಲಿ ಜಾಗ ಸಿಕ್ಕಿತು. ಇಪ್ಪತ್ತರ ಆಸುಪಾಸಿನ ನಾಲ್ವರು. ಒಳ್ಳೆಯ ಮಕ್ಕಳು, ನನ್ನನ್ನು 'ಆಂಟಿ' ಎಂದು ಕರೆದು ಬಾಳೆಹಣ್ಣು ಕೊಟ್ಟು, ಆಮೇಲೆ ತಮ್ಮ ತಮ್ಮಲ್ಲೇ ಮಾತಿಗಿಳಿದರು. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಭಾನುವಾರ ಮಂಜು. ಎಂಬತ್ತು ಕಿಲೋಮೀಟರಿನ ರಸ್ತೆ, ನಡುವೆ ಒಂದು ದೊಡ್ಡ ಏರು, ಕೊನೆಗೆ ಒಂಬತ್ತು ಕಿಲೋಮೀಟರು ಇನ್ನೊಂದು. ಒಂದೊಂದೇ ಗುಂಪನ್ನು ಬಿಟ್ಟು ಕೊನೆಗೆ ಏಳೂ ಹತ್ತಕ್ಕೆ ನನ್ನನ್ನು ಬಿಟ್ಟರು. ಕಾಕಾ ಒಬ್ಬಳಿಗಾಗಿ ಪೂರಾ ಶಾಸ್ತ್ರ ಮಾಡಿದರು. ಹತ್ತರಿಂದ ಒಂದರವರೆಗೆ ಎಣಿಸಿದರು, ಸೀಟಿ ಊದಿದರು. ಚಪ್ಪಾಳೆ ಹೊಡೆದದ್ದು ನೀರಿನ ಕ್ಯಾನ್ ಇಳಿಸುತ್ತಿದ್ದ ಟೆಂಪೋದವನು.

ಮೊದಲ ಮೂವತ್ತು ಕಿಲೋಮೀಟರು ಚೆನ್ನಾಗಿಯೇ ಹೋಯಿತು. ಗದ್ದೆ, ದನ, ಮಂಜಿನಲ್ಲಿ ಅರ್ಧ ಕಾಣುವ ಗುಡ್ಡ. ದೊಡ್ಡ ಏರನ್ನು ಎಣಿಸಿದ್ದಕ್ಕಿಂತ ಬೇಗ ಹತ್ತಿದೆ. ಶಿಖರದಲ್ಲಿ ಒಂದು ಆಲದ ಮರ. ಅಲ್ಲಿ ಬ್ರೇಕ್ ಹಾಕಿ, ಕಾಲು ಕೆಳಗಿಟ್ಟು, ಬಾಟಲಿ ತೆಗೆದು ನೀರು ಕುಡಿಯುತ್ತ ಹಿಂದಕ್ಕೆ ತಿರುಗಿ ನಿಂತೆ.

ನಿಂತದ್ದು ಏಕೆಂದರೆ ನಮ್ಮ ಮೂವರಲ್ಲಿ ಅದು ನಿಯಮ. ಏರಿನ ತುದಿ ಮೊದಲು ಮುಟ್ಟಿದವರು ಕೊನೆಯವರು ಬರುವ ತನಕ ಕಾಯಬೇಕು. ಎಂಟು ವರ್ಷ ಪ್ರತಿ ಏರಿನಲ್ಲೂ ಕಾದಿದ್ದೇನೆ. ಜಯಶ್ರೀ ಯಾವಾಗಲೂ ಕೊನೆಗೆ ಬರುತ್ತಿದ್ದಳು, "ಬಂದೆ ಕಣೇ, ಬೈಬೇಡ" ಎನ್ನುತ್ತ. ರಸ್ತೆ ನೋಡಿದೆ. ಇನ್ನೊಂದು ಗುಟುಕು ಕುಡಿದೆ. ಮತ್ತೆ ನೋಡಿದೆ. ಒಂದು ಆಡು ದಾಟಿತು. ಆಮೇಲೆ ತಲೆಗೆ ಹೊಳೆಯಿತು. ಇದು ರೇಸು. ಹಿಂದೆ ನನ್ನವರು ಯಾರೂ ಇಲ್ಲ.

"ಥತ್! ನಿನ್ನ ತಲೆಯಲ್ಲಿ ಎಂತ ಉಂಟು, ಮಣ್ಣಾ?" ಎಂದು ಜೋರಾಗಿಯೇ ಬೈದುಕೊಂಡೆ. ಗಡಿಯಾರದಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಕರಗಿತ್ತು.

"ಯವ್ವಾ, ಕನ್ನಡದಾಗ ಬೈಯಾಕತ್ತೀರಲ್ರೀ ಅಕ್ಕಾರ!" ಎಂಬ ದನಿ ಕೇಳಿತು. ಮಂಜಿನಿಂದ ಒಬ್ಬ ಗಂಡಸು ಸೈಕಲ್ ತುಳಿಯುತ್ತ ಬಂದ. ಹೆಸರು ಬಸವರಾಜ, ವಿಜಯಪುರದ ಕಡೆಯವನು, ಭಿವಂಡಿಯಲ್ಲಿ ಕಟ್ಟಡದ ಸೂಪರ್‌ವೈಜರ್. ಎರಡು ಸಲ ಪಂಕ್ಚರ್ ಆಗಿ ಗಂಡಸರ ಗುಂಪಿನಿಂದ ಹಿಂದೆ ಬಿದ್ದಿದ್ದ; ಮಂಜಿನಲ್ಲಿ ಕಾಣದೆ ನಾನು ಅವನನ್ನು ದಾಟಿ ಬಂದಿದ್ದೆ. "ಯಾರನ್ನ ಕಾಯಾಕತ್ತಿದ್ರಿ?" ಎಂದು ಕೇಳಿದ.

"ಯಾರನ್ನೂ ಇಲ್ಲ. ಚೈನು ಬಿದ್ದಿತ್ತು" ಎಂದು ಸುಳ್ಳು ಹೇಳಿದೆ.

ಇಳಿಜಾರು ಮುಗಿದು ಬಯಲು ಬಂದಾಗ ಎದುರುಗಾಳಿ ಎದೆಗೇ ಹೊಡೆಯಿತು. ಬಸವರಾಜ ಪಕ್ಕದಲ್ಲಿ ಬಂದು, "ನನ್ನ ಹಿಂದ ಬರ್ರಿ ಅಕ್ಕಾರ. ಗಾಳಿ ನಾ ತಡೀತೀನಿ" ಎಂದ. ಒಬ್ಬರ ಚಕ್ರದ ಹಿಂದೆಯೇ ಅಂಟಿಕೊಂಡು ಹೋದರೆ ಶ್ರಮ ಎಷ್ಟೋ ಕಡಿಮೆ. ಆದರೆ ಹೆಂಗಸರ ಗುಂಪಿನವರು ಗಂಡಸರ ಹಿಂದೆ ಹಾಗೆ ಹೋಗಬಾರದು ಎಂಬುದು ರೇಸಿನ ಕಾನೂನು.

"ಆಗಲ್ಲಪ್ಪಾ, ರೂಲ್ಸ್ ಬಿಡಲ್ಲ."

"ಇಲ್ಲಿ ನೋಡಾವ್ರು ಯಾರದಾರ್ರೀ?"

ಯಾರೂ ಇರಲಿಲ್ಲ. ಆಸೆ ಆಗಲಿಲ್ಲ ಎಂದರೆ ಅದೂ ಸುಳ್ಳೇ. ಕೈ ಅಲ್ಲಾಡಿಸಿ, "ನೀ ಹೋಗಪ್ಪಾ, ನಿನ್ನ ಟೈಮ್ ಹಾಳಾಗ್ತದೆ" ಎಂದೆ. "ಹಂಗಾರ ನಾ ಮುಂದ ಹೊಕ್ಕೀನ್ರಿ. ಸಾವಕಾಶ ಬರ್ರಿ" ಎಂದು ತುಳಿದುಕೊಂಡು ಹೋದ. ಬೆಳಗಿನಿಂದ ಒಬ್ಬಳೇ ಇದ್ದಾಗ ಆಗದ ಸಂಕಟ, ಅವನ ಬೆನ್ನು ಸಣ್ಣದಾಗುತ್ತ ಹೋದಾಗ ಆಯಿತು.

ಕೊನೆಯ ಏರಿನಲ್ಲಿ ನನ್ನ ಹಿಂದೆ ಇದ್ದದ್ದು ದಣಿದವರನ್ನು ಎತ್ತಿಕೊಳ್ಳುವ ಟೆಂಪೋ ಮಾತ್ರ. ಡ್ರೈವರು ತಲೆ ಹೊರಹಾಕಿ ಎರಡು ಸಲ, "ಬೈಠೋ ನಾ ಮ್ಯಾಡಮ್" ಎಂದ. ಮೂರನೆಯ ಸಲ ಕೇಳಲಿಲ್ಲ, ನನ್ನ ಮುಖ ನೋಡಿರಬೇಕು. ತೊಡೆ ಕಟ್ಟಿಕೊಂಡಿತು, ಬಾಯಿ ಒಣಗಿತು, ಕೊನೆಯ ಅರ್ಧ ಕಿಲೋಮೀಟರಿನಲ್ಲಿ ನಿಂತೇ ತುಳಿದೆ.

ಮೇಲೆ ಬ್ಯಾನರು ಬಿಚ್ಚಿ ಸುತ್ತುತ್ತಿದ್ದರು. ಬಹುಮಾನ ಕೊಟ್ಟಾಗಿ ಜನ ತಿಂಡಿಗೆ ಹೋಗಿದ್ದರು. ಕಾಕಾ ಮಾತ್ರ ಬಿಸಿಲಿನಲ್ಲಿ ಮೇಜು ಹಿಡಿದು ಕುಳಿತಿದ್ದರು. ಗೆರೆ ದಾಟಿದೆ. ಅವರು ಗಡಿಯಾರ ಒತ್ತಿದರು.

"ಎಷ್ಟು ಕಾಕಾ?"

"ನಾಲ್ಕು ತಾಸು, ಒಂದು ನಿಮಿಷ, ನಲವತ್ತು ಸೆಕೆಂಡು."

ಆ ಆಲದ ಮರದ ಕೆಳಗೆ ನಿಲ್ಲದಿದ್ದರೆ ಗುಂಪು ಉಳಿಯುತ್ತಿತ್ತು. 

ಕಾಕಾ ಸುತ್ತ ನೋಡಿ ಪೆನ್ನು ತೆಗೆದರು. "ಅರೇ, ಮೂರು ಐವತ್ತೊಂಬತ್ತು ಅಂತ ಬರೀತೀನಿ. ನಿಮ್ಮ ಗುಂಪಿನಲ್ಲಿ ಬೇರೆ ಯಾರಿದ್ದಾರೆ? ಯಾರಿಗೆ ಮೋಸ ಆಯ್ತು? ಯಾರು ಕೇಳ್ತಾರೆ?"

ಹೌದು, ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ನೀತಾ ಇದ್ದಿದ್ದರೆ ಈ ಮೇಜಿನ ಮೇಲೆ ಹತ್ತಿ ಕುಣಿದು ಜಗಳ ಮಾಡುತ್ತಿದ್ದಳು. ಯಾರಾದರೂ ಬಂದು, ಇದು ಅನ್ಯಾಯ ಎಂದು ನನ್ನ ಮೇಲೆ ಕೂಗಾಡಲಿ ಎಂದು ಆ ಹೊತ್ತು ನನಗೆ ಎಷ್ಟು ಅನ್ನಿಸಿತೋ!

"ನಾನು ಕೇಳ್ತೀನಿ," ಎಂದೆ. "ಇದ್ದದ್ದು ಬರೀರಿ."

"ಗುಂಪು ಹೋಗತ್ತೆ, ಮ್ಯಾಡಮ್."

"ಸುಳ್ಳು ಬರೆದು ಉಳಿಸಿದ್ರೆ, ಮುಂದಿನ ವರ್ಷ ಬಂದು ಅದರಲ್ಲಿ ನಿಲ್ಲಬೇಕಾದವಳೂ ನಾನೇ ಅಲ್ವಾ ಕಾಕಾ?"

 ಕಾಕಾ ಇದ್ದದ್ದನ್ನೇ ಬರೆದು, ಅದರ ಮುಂದೆ 'ಸಮಯ ಮೀರಿದೆ' ಎಂದು ಸೇರಿಸಿ, ನನಗೆ ಒಂದು ತಟ್ಟೆ ಅವಲಕ್ಕಿ ಪೋಹೆ ತರಿಸಿದರು. ತಣ್ಣಗಾಗಿತ್ತು. ಪೂರ್ತಿ ತಿಂದೆ.

ಸಂಜೆ ಕಸಾರಾದಿಂದ ಲೋಕಲ್ ಹೊರಟ ಮೇಲೆ ಗಂಡನ ಫೋನು ಬಂತು. ಹಿಂದೆ ಹೋಟೆಲಿನ ತಟ್ಟೆಗಳ ಸದ್ದು. "ಎಷ್ಟನೇ ನಂಬರ್ ಬಂದದ್ದು?"

"ನಂಬರೇ ಬರ್ಲಿಲ್ಲ ಮಾರಾಯ್ರೆ."

"ಎಂತದು? ಇದ್ದದ್ದೇ ನೀನೊಬ್ಳಲ್ವಾ!"

ಅವರು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಸೈಕಲ್ಲಿಗೆ ಒರಗಿ, ಟಿಟ್ವಾಲಾ ಸ್ಟೇಷನ್ ಬರುವ ತನಕ ಅತ್ತೆ.