ಮನೆಯಲ್ಲಿ ಸೋಮಾರಿ ಯಾರು ಎಂದು ಕೇಳಿದ ವೈದ್ಯೆ

ಮೈತುಂಬ ನೋವಿದ್ದರೂ ರಕ್ತಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಏನೂ ಕಾಣಿಸದ, ಎಷ್ಟು ಮಲಗಿದರೂ ದಣಿವು ತೀರದ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆ ಕೆಲವು ಕುಟುಂಬಗಳಲ್ಲಿ ಮತ್ತೆ ಮತ್ತೆ ಏಕೆ ತಲೆದೋರುತ್ತದೆ ಎಂಬ ಪ್ರಶ್ನೆಯನ್ನು ತಮ್ಮ ವೃತ್ತಿಜೀವನದುದ್ದಕ್ಕೂ ಬೆನ್ನುಹತ್ತಿದವರು, ಇದೀಗ ನಿವೃತ್ತರಾಗುತ್ತಿರುವ ನಮ್ಮ ಗುರುಗಳು. ಅವರಿಗೆ ಸಂದ ಗೌರವಗಳನ್ನು ಈ ಅಭಿನಂದನ ಸಂಪುಟದಲ್ಲಿ ಹಿರಿಯರು ಸವಿಸ್ತಾರವಾಗಿ ಬರೆದಿದ್ದಾರೆ. ರೋಗಿಗಳ ಬಾಯಲ್ಲಿ ಅವರು ಎಂದೆಂದಿಗೂ ‘ದೊಡ್ಡ ಮೇಡಂ’. ಹಾಗೆ ಕರೆದರೇ ನನಗೂ ಸಮಾಧಾನ. ಎತ್ತರದಲ್ಲಿ ಅವರು ನನ್ನ ಭುಜಕ್ಕೂ ಬರುವುದಿಲ್ಲವೆಂಬುದು ಬೇರೆ ಮಾತು.

ನಾನು ವಿದ್ಯಾರ್ಥಿನಿಯಾಗಿ ಸೇರಿದಾಗ ಅವರ ಕೋಣೆ ಆಸ್ಪತ್ರೆಯ ಮೊಗಸಾಲೆಯ ಕೊನೆಯಲ್ಲಿ, ಸದಾ ಕೆಟ್ಟಿರುತ್ತಿದ್ದ ಲಿಫ್ಟಿನ ಪಕ್ಕದಲ್ಲಿತ್ತು. ಗಟ್ಟಿ ಬೆಂಚು ರೋಗಿಗಳಿಗೆ ಒತ್ತುತ್ತದೆಂದು ತಾವೇ ಮೆತ್ತೆ ಹೊಲಿಸಿ ಹಾಕಿದ್ದರು. ಪ್ರತಿ ರೋಗಿಯ ವಂಶವೃಕ್ಷ ಬರೆಯುವುದು ನಮ್ಮ ಕೆಲಸ: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆಯಿದ್ದವರಿಗೆ ಪೆನ್ಸಿಲ್ಲಿನಿಂದ ಕಪ್ಪು. “ಮನೆಯಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇದೆಯೇ?” ಎಂದು ಕೇಳುತ್ತಿದ್ದೆವು; ಎಲ್ಲರೂ ಇಲ್ಲವೆನ್ನುತ್ತಿದ್ದರು. ಕಾಯಿಲೆಯ ಹೆಸರೇ ನಿನ್ನೆ ಮೊನ್ನೆ ಕಿವಿಗೆ ಬಿದ್ದಿರುವಾಗ ಅದು ಅಜ್ಜಿಗೆ ಇತ್ತೆಂದು ಹೇಳುವುದಾದರೂ ಹೇಗೆ! ಈ ರೋಗಕ್ಕೂ ರಕ್ತಸಂಬಂಧಕ್ಕೂ ನಂಟೇ ಇಲ್ಲವೆಂದು ನಾವು ಜಾಣರು ತೀರ್ಮಾನಿಸುವುದರಲ್ಲಿದ್ದಾಗ, ಮೇಡಂ ಕುರ್ಚಿ ಎಳೆದುಕೊಂಡು ರೋಗಿಯೊಬ್ಬರ ಎದುರು ಕುಳಿತರು.

“ಅದಿರ್ಲಿ, ನಿಮ್ಮನೇಲಿ ಸೋಮಾರಿ ಅಂತ ಯಾರನ್ನ ಬೈತಿದ್ರು?”

ಆಕೆ ನಕ್ಕುಬಿಟ್ಟರು. “ನಮ್ಮ ಚಿಕ್ಕಮ್ಮನ್ನ! ಯಾವಾಗ್ಲೂ ನರಳ್ತಾಳೆ, ಬರೀ ನಾಟಕ ಅಂತಿದ್ರು...” ಹೇಳುತ್ತಾ ಹೇಳುತ್ತಾ ಆಕೆಯ ನಗು ನಿಂತುಹೋಯಿತು.

ಅಂದಿನಿಂದ ನಮ್ಮ ವಿಭಾಗದ ಮೊದಲ ಪ್ರಶ್ನೆ ಅದೇ ಆಯಿತು. ಹಾಗೆ ಬೈಸಿಕೊಂಡವರು ಬದುಕಿದ್ದರೆ ಕರೆಸಿ ಪರೀಕ್ಷಿಸಬೇಕು. ತೀರಿಕೊಂಡಿದ್ದರೆ ವೃತ್ತದೊಳಗೆ ತೆಳುವಾಗಿ ಗೀಚಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. “ಸತ್ತೋರ ಮೇಲೆ ರೋಗ ಹೊರಿಸ್ಬಾರ್ದು ಕಣ್ರೇ, ಆದ್ರೆ ಅವರ ಮಾತು ನಂಬೋದಕ್ಕೇನು ಕಷ್ಟ?” ಎನ್ನುತ್ತಿದ್ದರು.

ಆ ಪ್ರಶ್ನೆ ಒಂದು ದಿನ ನಮ್ಮ ಮನೆಗೇ ಬಂತು. ನನ್ನ ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವವಳು. ಹಲ್ಲು ಕಚ್ಚಿಕೊಂಡು ಮಶೀನು ತುಳಿದು, ಸಂಜೆಗೆ ತಲೆ ಬಾಚಿಕೊಳ್ಳಲೂ ಕೈ ಎತ್ತಲಾರದೆ ಅಳುತ್ತಿದ್ದಳು. ರಿಪೋರ್ಟು ನಾರ್ಮಲ್ ಎಂದು ಅವಳ ಅತ್ತೆ ಮೂಗು ಮುರಿಯುತ್ತಿದ್ದರು. ಅವಳನ್ನೂ ಅವಳ ಪುಟ್ಟ ಮಗಳನ್ನೂ ಮೇಡಂ ಬಳಿಗೆ ಕರೆದೊಯ್ದೆ. ಸೋಮಾರಿ ಯಾರೆಂಬ ಪ್ರಶ್ನೆಗೆ ಅಕ್ಕ, “ನಮ್ಮಮ್ಮನ್ನ” ಎಂದಳು. ಮೇಡಂ ನಮ್ಮ ತಾಯಿಯ ವೃತ್ತವನ್ನು ಮೆಲ್ಲಗೆ ಗೀಚಿದರು. ಅಮ್ಮ ಹೋಗಿ ವರ್ಷಗಳಾಗಿದ್ದವು. ಅವರ ನೋವನ್ನು ಒಬ್ಬರು ನಂಬಿದ್ದನ್ನು ನಾವು ಕಂಡದ್ದು ಅದೇ ಮೊದಲು. ಇಬ್ಬರೂ ಅತ್ತೆವು.

ಆದರೆ ಅಕ್ಕನನ್ನು ಕೊರೆಯುತ್ತಿದ್ದ ಭಯ ಬೇರೆಯೇ ಇತ್ತು. “ನನ್ನ ಕಥೆ ಬಿಡಿ ಮೇಡಂ. ಇವಳಿಗೂ ಬರತ್ತಾ? ಇವಳ ರಕ್ತ ತಗೊಂಡು ಈಗ್ಲೇ ಹೇಳ್ಬಿಡಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ನಮ್ಮತ್ತೆ ದಿನಾ ಅಂತಾರೆ.”

ಸಂಶೋಧನೆಗೆ ಒಂದು ಮಾದರಿ ಹೆಚ್ಚಿಗೆ ಸಿಗುತ್ತದೆಂದು ಸೂಜಿ ಎತ್ತಿಕೊಳ್ಳುವವರೂ ಇದ್ದಾರು. ಮೇಡಂ ಮಗುವಿನ ಕೈ ಮುಟ್ಟಲಿಲ್ಲ.

“ಹಾಗೆ ಹೇಳೋ ಪರೀಕ್ಷೆ ಯಾರ ಹತ್ರಾನೂ ಇಲ್ಲಮ್ಮಾ. ಇದು ಒಂದು ಜೀನ್ ಮಾಡೋ ಕೆಲಸ ಅಲ್ಲ. ಸುಮಾರು ಜೀನ್‌ಗಳು ಸೇರ್ಕೊಂಡು ಒಂಚೂರು ಆ ಕಡೆ ವಾಲಿಸ್ತವೆ, ಅಷ್ಟೆ. ಆಮೇಲೆ ನಿದ್ದೆ, ಪೆಟ್ಟು, ಚಿಂತೆ ಎಲ್ಲ ಸೇರುತ್ತೆ. ನೂಲು ನಿಮ್ಮದೇ ಇರ್ಬೋದು, ನೇಯೋದು ಇನ್ನೂ ಮುಗಿದಿಲ್ವಲ್ಲ! ನಿಮ್ಮಮ್ಮ ನೋವು ಅಂದಾಗ ಯಾರೂ ಕೇಳ್ಲಿಲ್ಲ. ಇವಳು ಅಂದ ದಿನ ನೀವು ಕೇಳಿ.”

ಮುಂದಿನ ವಾರ ಅತ್ತೆಯವರನ್ನೇ ಕರೆಸಿದರು. “ರಿಪೋರ್ಟು ನಾರ್ಮಲ್ ಅಂದ್ರೆ ರಿಪೋರ್ಟು ಚೆನ್ನಾಗಿದೆ ಅಂತ ತಾಯೀ, ಸೊಸೆ ಚೆನ್ನಾಗಿದಾಳೆ ಅಂತಲ್ಲ.” ಅಂದಿನಿಂದ ಆಕೆಯೇ ಅಕ್ಕನ ವಕೀಲರು, ಮನೆಯ ಉಳಿದವರ ಗ್ರಹಚಾರ ಬಿಡಿಸುತ್ತಾರೆ. ಅಕ್ಕನ ನೋವು ಪೂರ್ತಿ ಹೋಗಿಲ್ಲ. ನಡಿಗೆ, ನಿದ್ರೆ, ಸ್ವಲ್ಪ ಔಷಧಿಯಿಂದ ಒಳ್ಳೆಯ ದಿನಗಳು ಹೆಚ್ಚಾಗಿವೆ.

ಆ ಪುಟ್ಟ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಕಳೆದ ತಿಂಗಳು ನಾನು ಅಕ್ಕನ ಮನೆಯಲ್ಲಿದ್ದಾಗಲೇ ಚೀಲ ಎಸೆದು, “ಅಮ್ಮಾ, ಮೈಯೆಲ್ಲ ನೋಯ್ತಿದೆ” ಎಂದಳು. ಅಕ್ಕ ಮಶೀನಿನಿಂದ ಕಾಲು ತೆಗೆದು, ಅರ್ಧ ಹೊಲಿದ ಅಂಗಿಯನ್ನು ಪಕ್ಕಕ್ಕೆ ಸರಿಸಿ, “ಬಾ ಇಲ್ಲಿ. ಎಲ್ಲಿಂದ ಶುರುವಾಯ್ತು, ನಿಧಾನಕ್ಕೆ ಹೇಳು” ಎಂದಳು.

ಮರುದಿನ ಮೇಡಂ ಹುಡುಗಿಯನ್ನು ಸಾವಕಾಶವಾಗಿ ಪರೀಕ್ಷಿಸಿ, “ಇದಕ್ಕೆ ವಾಲಿಬಾಲ್ ಅಂತಾರೆ! ಮೊದಲನೇ ದಿನಾನೇ ಅಷ್ಟು ಎಗರಾಡ್ತಾರಾ?” ಎಂದು ನಕ್ಕರು. ಮುಂದೆ ಏನಾಗುವುದೋ ಯಾರೂ ಹೇಳಲಾರರು. ಆದರೆ ನೋವೆಂದ ಹುಡುಗಿಯನ್ನು ನಾಟಕದವಳೆನ್ನುವ ಚಾಳಿ ನಮ್ಮ ಮನೆಯಲ್ಲಿ ಅಕ್ಕನಿಗೇ ಕೊನೆಯಾಯಿತು.

ದೊಡ್ಡ ಮೇಡಂ, ನೂರ್ಕಾಲ ನೆಮ್ಮದಿಯಿಂದ ಬಾಳಿ. ಬಿಡುವಾದಾಗ ಆ ಮೆತ್ತೆಯ ಬೆಂಚಿಗೆ ಬಂದು ಕುಳಿತು ನಮ್ಮ ತಪ್ಪುಗಳನ್ನು ತಿದ್ದಿ. ಇನ್ನಾದರೂ ಮಧ್ಯಾಹ್ನ ಹಾಯಾಗಿ ಮಲಗಿ. ಯಾರಾದರೂ ನಿಮ್ಮನ್ನು ಸೋಮಾರಿ ಎಂದರೆ ಹೇಳಿಕಳುಹಿಸಿ, ಪೆನ್ಸಿಲ್ ಹಿಡಿದು ನಾನು ಬರುತ್ತೇನೆ.